ತೊಟ್ಟಿಲಲ್ಲೇ ನಂಬರು, ಬಿಡಿಸಿಕೊಳ್ಳೋಕೆ ಆರೇ ತಿಂಗಳು

ಆಧಾರ್ ಅಂದ ಕೂಡಲೇ ನಮ್ಮಲ್ಲಿ ಎರಡು ಗುಂಪು ಎದ್ದು ನಿಲ್ಲುತ್ತೆ. ಒಬ್ಬರಿಗೆ ಅದು ಸರ್ಕಾರದ ಬೇಹುಗಾರಿಕೆ, ಇನ್ನೊಬ್ಬರಿಗೆ ದಲ್ಲಾಳಿಗಳನ್ನು ಓಡಿಸಿದ ಬ್ರಹ್ಮಾಸ್ತ್ರ. ಆ ಜಗಳ ಇವತ್ತು ಬೇಡ. ಆಧಾರ್ ಕಾಯ್ದೆಯ ಒಂದೇ ಒಂದು ಕಲಮನ್ನು ಸ್ವಲ್ಪ ನಿಧಾನವಾಗಿ ಓದೋಣ. 2019ರ ತಿದ್ದುಪಡಿಯಲ್ಲಿ ಸೇರಿಕೊಂಡ 3ಎ ಅದು. ಮಕ್ಕಳ ಬಗ್ಗೆ ಇರೋ ಕಲಮು.

ಅದು ಹೇಳೋದು ಇಷ್ಟು. ಮಗುವನ್ನು ನೋಂದಾಯಿಸುವಾಗ ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಕೇಳಬೇಕು. ಆಧಾರ್ ಇಲ್ಲ ಅಂತ ಯಾವ ಮಗುವಿಗೂ ಸರ್ಕಾರದ ಸವಲತ್ತು ತಪ್ಪಿಸಬಾರದು. ಮಗುವಿಗೆ 18 ತುಂಬಿದ ಮೇಲೆ ಆರು ತಿಂಗಳ ಒಳಗೆ ‘ನನಗೆ ಈ ನಂಬರು ಬೇಡ’ ಅಂತ ಅರ್ಜಿ ಹಾಕಬಹುದು, ಹಾಕಿದರೆ ಪ್ರಾಧಿಕಾರ ರದ್ದು ಮಾಡಲೇಬೇಕು.

ಓದಿದರೆ ಎಷ್ಟು ಚೆನ್ನಾಗಿದೆ ಅನ್ನಿಸುತ್ತೆ ನೋಡಿ. ಇದು ಸುಮ್ಮನೆ ಬಂದದ್ದೂ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದರ ಫಲ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತು, ಆದರೆ ಶಾಲೆಗೆ ಸೇರಿಸೋಕೆ ಅದು ಕಡ್ಡಾಯ ಆಗಕೂಡದು, ಮಕ್ಕಳು ಪ್ರಾಪ್ತ ವಯಸ್ಸಿಗೆ ಬಂದಾಗ ಹೊರಬರುವ ಆಯ್ಕೆ ಅವರಿಗೆ ಇರಬೇಕು ಅಂತ ಹೇಳಿತು. ಮರುವರ್ಷ ಕಾಯ್ದೆ ಬರೆದವರು ಆ ಆಯ್ಕೆಗೆ ಆರು ತಿಂಗಳ ಬಾಗಿಲು ಕೂರಿಸಿದರು.

ನನ್ನ ತಕರಾರು ಆ ಬಾಗಿಲಿನ ಮೇಲೆ.

ಮೊದಲನೆಯದು, ಯಾರಿಗೆ ಗೊತ್ತು? ಒಪ್ಪಿಗೆ ಕೊಟ್ಟಿದ್ದು ಅಪ್ಪ ಅಮ್ಮ, ವಿವರ ಹೇಳಬೇಕಾದ್ದೂ ಅವರಿಗೇ. 18 ತುಂಬಿದ ಆ ಹುಡುಗಿಗೆ ‘ನಿನಗೆ ಹೀಗೊಂದು ಹಕ್ಕಿದೆಯಮ್ಮ’ ಅಂತ ತಿಳಿಸಬೇಕು ಅನ್ನೋ ಮಾತು ಈ ಕಲಮಿನಲ್ಲಿ ಎಲ್ಲೂ ಇಲ್ಲ. ಆರು ತಿಂಗಳು ಕಳೆದರೆ ಮುಗೀತು.

ಎರಡನೆಯದು ಇದಕ್ಕಿಂತ ದೊಡ್ಡದು. ಆ ಹೊತ್ತಿಗೆ ನಂಬರು ಎಲ್ಲೆಲ್ಲಿ ಬೇರು ಬಿಟ್ಟಿರುತ್ತೆ ಯೋಚಿಸಿ. ಐದರೊಳಗಿನ ಮಗುವಿಗೆ ನೀಲಿ ಬಣ್ಣದ ಬಾಲ ಆಧಾರ್. ಬೆರಳಚ್ಚು ಇಲ್ಲ, ಫೋಟೋ ಮಾತ್ರ, ಅಪ್ಪ ಅಥವಾ ಅಮ್ಮನ ಆಧಾರ್‌ಗೆ ಗಂಟು. ಐದಾದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆ. ಹದಿನೈದಕ್ಕೆ ಮತ್ತೊಮ್ಮೆ. ನಡುವೆ ಶಾಲೆಯ ದಾಖಲೆ, ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ, ರೇಷನ್ ಕಾರ್ಡು, ಈಗ ಮಕ್ಕಳಿಗಂತಲೇ 12 ಅಂಕಿಯ ಅಪಾರ್ ಐಡಿ ಬೇರೆ. 18ಕ್ಕೆ ಆಧಾರ್ ಬಿಟ್ಟವಳು 19ಕ್ಕೆ ಕೆಲಸಕ್ಕೆ ಸೇರಿದಳು ಅನ್ನಿ. ಪ್ಯಾನ್ ಬೇಕು. ಪ್ಯಾನ್‌ಗೆ ಆಧಾರ್ ಬೇಕು, ಅದನ್ನು ಅದೇ 2018ರ ತೀರ್ಪು ಎತ್ತಿಹಿಡಿದಿದೆ. ಅಂದರೆ ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಹೊಸ್ತಿಲಾಚೆ ಬಾವಿ ತೋಡಿಟ್ಟ ಹಾಗಾಯ್ತು.

‘ಕಡ್ಡಾಯ ಅಲ್ಲ’ ಅನ್ನೋದರ ಕಥೆಯೂ ಹೀಗೇ. ನನ್ನ ತಂಗಿ ಮಗಳ ಹೆಸರಲ್ಲಿ ಲಕ್ಷ್ಮಿ ಇದ್ದಾಳೆ. ಇಂಗ್ಲಿಷಲ್ಲಿ ಬರೆಯುವಾಗ ಜನನ ಪತ್ರದಲ್ಲಿ ಕೆಎಸ್‌ಎಚ್, ಆಧಾರ್‌ನಲ್ಲಿ ಎಕ್ಸ್. ಕನ್ನಡದಲ್ಲಿ ಎರಡೂ ಒಂದೇ ಹೆಸರು, ಮಗುವೂ ಒಂದೇ. ಶಾಲೆಯ ಮೇಡಂ ಪಾಪ ಒಳ್ಳೆಯವರು. ‘ನಾನೇನ್ ಮಾಡ್ಲಿ, ಸಿಸ್ಟಂ ತಗೊಳ್ತಿಲ್ಲ’ ಅಂದರು. ಯಾರೂ ಕಡ್ಡಾಯ ಅನ್ನಲಿಲ್ಲ. ತಂಗಿ ಮಾತ್ರ ಮೂರು ದಿನ ಕೂಲಿ ಬಿಟ್ಟು ಸೇವಾ ಕೇಂದ್ರದ ಮುಂದೆ ನಿಂತಳು.

ಇದರ ಪಕ್ಕದಲ್ಲಿ ನಮ್ಮ ಹಳೇ ಜನನ ನೋಂದಣಿ ಪದ್ಧತಿ ನೋಡಿ. 21 ದಿನದಲ್ಲಿ ಹುಟ್ಟನ್ನು ಬರೆಸಿ, ಹೆಸರು ಇನ್ನೂ ಇಟ್ಟಿಲ್ಲವಾ, ಪರವಾಗಿಲ್ಲ, 15 ವರ್ಷದವರೆಗೆ ಸೇರಿಸಬಹುದು ಅನ್ನುತ್ತೆ ಅದರ ನಿಯಮ. ತಾತನ ಹೆಸರೋ ಮನೆದೇವರ ಹೆಸರೋ ಅಂತ ವರ್ಷಗಟ್ಟಲೆ ಎಳೆದಾಡೋ ಮನೆಗಳನ್ನು ಕಂಡವರು ಬರೆದ ನಿಯಮ ಇರಬೇಕು. ಆ ಕಾಯ್ದೆಗೂ 2023ರಲ್ಲಿ ತಿದ್ದುಪಡಿ ಬಂತು. ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಗೆ, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಸರ್ಕಾರಿ ನೌಕರಿಗೆ ಜನನ ಪತ್ರವೇ ಪುರಾವೆ. ಅದರ ಜೊತೆಗೆ, ಇದ್ದರೆ, ತಂದೆತಾಯಿಯ ಆಧಾರ್ ನಂಬರೂ ಬರೆಸಬೇಕು.

ಹುಟ್ಟಿದಾಗಲೇ ನಂಬರು ಕೊಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಊರು ಬಿಟ್ಟು ಊರಿಗೆ ದುಡಿಯೋಕೆ ಹೋಗೋರ ಮಕ್ಕಳಿಗೆ ಒಂದು ಕಾಗದ ಇದ್ದರೆ ಎಷ್ಟು ಅನುಕೂಲ ಅಂತ ಕಣ್ಣಾರೆ ಕಂಡಿದ್ದೇನೆ. ಎಸ್ಟೋನಿಯಾದಲ್ಲೂ ಕೂಸು ಹುಟ್ಟುತ್ತಲೇ 11 ಅಂಕಿಯ ನಂಬರು ಬರುತ್ತೆ, ಸಾಯೋವರೆಗೂ ಅದೇ. ಆದರೆ ಅಲ್ಲಿ ಬೀಗದ ಕೈ ಇರೋದು ಕಾರ್ಡಿನ ಚಿಪ್ಪಿನಲ್ಲಿ. 2017ರಲ್ಲಿ ಆ ಚಿಪ್ಪಿನಲ್ಲಿ ದೋಷ ಸಿಕ್ಕಿತು, ಸುಮಾರು 7.6 ಲಕ್ಷ ಕಾರ್ಡುಗಳು ಅಪಾಯಕ್ಕೆ ಸಿಕ್ಕಿದವು. ಅವರು ಬೀಗದ ಕೈ ಬದಲಾಯಿಸಿಕೊಂಡರು, ಎಷ್ಟೋ ಜನ ಮನೆಯಲ್ಲೇ ಕೂತು. ನಮ್ಮ ಬೀಗದ ಕೈ ಮಗುವಿನ ಬೆರಳು. ಲಾಕ್ ಮಾಡಿಡೋ ಸೌಲಭ್ಯ ಇದೆ, ಒಪ್ಪಿದೆ. ಬೆರಳನ್ನೇ ಬದಲಾಯಿಸೋದು ಹೇಗೆ? ಅಲ್ಲಿ ತಮ್ಮ ದಾಖಲೆಯನ್ನು ಯಾವ ಇಲಾಖೆ ತೆಗೆದು ನೋಡಿತು ಅಂತ ಪ್ರಜೆಯೇ ನೋಡಬಹುದು. ನಮ್ಮಲ್ಲಿ ಕಾಣೋದು ಆಧಾರ್ ಎಲ್ಲಿ ದೃಢೀಕರಣಕ್ಕೆ ಬಳಕೆಯಾಯ್ತು ಅನ್ನೋದಷ್ಟೇ, ಅದೂ ಕಳೆದ ಆರು ತಿಂಗಳದ್ದು. ಈ ಆರು ತಿಂಗಳ ಮೇಲೆ ನಮ್ಮವರಿಗೆ ಅದೇನು ಪ್ರೀತಿಯೋ.

ಮೊದಲ ಆಧಾರ್ ಸಿಕ್ಕಿದ್ದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿ ಹಳ್ಳಿಯಲ್ಲಿ, 2010ರ ಸೆಪ್ಟೆಂಬರ್ 29ಕ್ಕೆ. ಆ ವರ್ಷ ಹುಟ್ಟಿ, ತೊಟ್ಟಿಲಲ್ಲಿ ಇದ್ದಾಗಲೇ ನಂಬರು ಪಡೆದವರಿಗೆ 2028ರಲ್ಲಿ 18 ತುಂಬುತ್ತೆ. ಅಷ್ಟರೊಳಗೆ ಮೂರು ಕೆಲಸ ಆಗಬೇಕು. ಆ ಮಕ್ಕಳಿಗೆ ಅವರದೇ ಭಾಷೆಯಲ್ಲಿ ಒಂದು ಪತ್ರ ಹೋಗಲಿ. ಆರು ತಿಂಗಳ ಗಡುವು ಕಾಯ್ದೆಯಿಂದ ಬಿದ್ದುಹೋಗಲಿ, ಯಾವಾಗ ಬೇಕಾದರೂ ಬಿಡುವ ಹಾಗಾಗಲಿ. ಬಿಟ್ಟವರು ಪ್ಯಾನ್ ಮಾಡಿಸೋಕೆ ಬೇರೆ ಯಾವ ಗುರುತು ತೋರಿಸಬೇಕು ಅಂತ ಕಪ್ಪು ಮಸಿಯಲ್ಲಿ ಬರೆದಿಡಲಿ. ಎಷ್ಟು ಜನ ಬಿಡ್ತಾರೆ ಅಂತ ಕೇಳಬೇಡಿ, ಬಹುಶಃ ಯಾರೂ ಬಿಡಲ್ಲ. ನನ್ನ ತಂಗಿ ಮಗಳಂತೂ ಬಿಡಲ್ಲ, ಅದಕ್ಕಾಗಿ ಅವರಮ್ಮ ಮೂರು ದಿನ ನಿಂತಿದ್ದಾಳೆ. ಆದರೂ ಅವಳನ್ನು ಒಂದು ಸಲ ಕೇಳಿ.