‘ಮಹಾನಗರ’ದ ಎಡಿತ್ ಮತ್ತು ಧಣಿಯ ನ್ಯಾಯ

ಸತ್ಯಜಿತ್ ರಾಯ್ ಅವರ ‘ಮಹಾನಗರ’ ಎಂಬ ಬಂಗಾಳಿ ಚಿತ್ರ ತೆರೆಗೆ ಬಂದುದು 1963ರಲ್ಲಿ. ನರೇಂದ್ರನಾಥ ಮಿತ್ರ ಅವರ ಕಥೆಯನ್ನು ಆಧರಿಸಿದ ಈ ಕೃತಿಗೆ 1964ರ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಗೌರವ ಸಂದಿತು. ಹೊಸಿಲು ದಾಟಿ ದುಡಿಯಲು ಹೊರಟ ಗೃಹಿಣಿಯ ಕಥೆಯೆಂದೇ ಇದನ್ನು ಎಲ್ಲರೂ ವರ್ಣಿಸುತ್ತಾರೆ. ಅದು ಸತ್ಯವೇ ಸರಿ. ಆದರೆ ವ್ಯಾಪಾರವೃತ್ತಿಯಲ್ಲಿ ಬಾಳು ಸವೆಸಿದ ನನ್ನನ್ನು ಹೆಚ್ಚು ಕಾಡುವವನು ಅವಳಿಗೆ ಕೆಲಸ ಕೊಟ್ಟ ಧಣಿ.

ಕಥೆ ನಡೆಯುವುದು 1950ರ ದಶಕದ ಕಲಕತ್ತೆಯಲ್ಲಿ. ಬ್ಯಾಂಕಿನ ಗುಮಾಸ್ತನಾದ ಸುಬ್ರತನ ಸಂಬಳ ತುಂಬು ಸಂಸಾರಕ್ಕೆ ಸಾಲದು. ಪತ್ನಿ ಆರತಿ ಮನೆ ಮನೆಗೆ ಹೋಗಿ ಹೆಣಿಗೆ ಯಂತ್ರ ಮಾರುವ ಕೆಲಸ ಹಿಡಿಯುತ್ತಾಳೆ. ನಿವೃತ್ತ ಶಿಕ್ಷಕನಾದ ಮಾವನಿಗೆ ಇದು ಕುಲಾಚಾರಕ್ಕೆ ಭಂಗ. ಗಂಡನ ಮನಸ್ಸೂ ಡೋಲಾಯಮಾನ; ರಾಜೀನಾಮೆ ಕೊಡೆಂದು ಒತ್ತಾಯಿಸುತ್ತಾನೆ. ಅಷ್ಟರಲ್ಲಿ ಅವನ ಬ್ಯಾಂಕೇ ಮುಳುಗಿ, ಆರತಿಯ ದುಡಿಮೆಯೊಂದೇ ಸಂಸಾರಕ್ಕೆ ಆಧಾರವಾಗುತ್ತದೆ.

ಕಂಪನಿಯ ಮುಖ್ಯಸ್ಥ ಹಿಮಾಂಶು ಮುಖರ್ಜಿ ದುಷ್ಟನಲ್ಲ; ಸಭ್ಯ, ಆರತಿಯ ಶ್ರಮವನ್ನು ಮೆಚ್ಚುವವನು. ಸುಬ್ರತನೂ ತನ್ನಂತೆಯೇ ಪಾಬ್ನಾ ಜಿಲ್ಲೆಯವನೆಂದು ತಿಳಿದೊಡನೆ ನೆರವಿನ ಭರವಸೆ ಕೊಡುತ್ತಾನೆ. ಅದೇ ಮನುಷ್ಯ ಆಂಗ್ಲೋ-ಇಂಡಿಯನ್ ಯುವತಿ ಎಡಿತ್‌ಳನ್ನು ಶೀಲದ ಸಂಶಯದ ಮೇಲೆ ಕೆಲಸದಿಂದ ತೆಗೆಯುತ್ತಾನೆ. ಅವಳು ಗೈರುಹಾಜರಾದುದು ಕಾಯಿಲೆಯಿಂದ. ಆದರೆ ಅವಳು ಹುಟ್ಟಿದ ಸಮುದಾಯವೇ ಅವನಿಗೆ ಸಾಕ್ಷ್ಯವಾಯಿತು. ಎಡಿತ್‌ಳ ಕ್ಷಮೆ ಕೇಳಬೇಕೆಂದು ಆರತಿ ಪಟ್ಟು ಹಿಡಿಯುತ್ತಾಳೆ, ಅವನು ಒಪ್ಪುವುದಿಲ್ಲ. ಮನೆಯಲ್ಲಿ ಬೇರೆ ಗಳಿಕೆ ಇಲ್ಲದಿದ್ದರೂ ಅವಳು ರಾಜೀನಾಮೆ ಕೊಟ್ಟು ಹೊರಬರುತ್ತಾಳೆ.

ರಾಯ್ ಅವರ ವಿವೇಕ ಇರುವುದು ಈ ಔದಾರ್ಯವನ್ನೂ ಅನ್ಯಾಯವನ್ನೂ ಒಬ್ಬನಲ್ಲೇ ಇರಿಸಿದುದರಲ್ಲಿ. ಎರಡಕ್ಕೂ ಬೇರು ಒಂದೇ: ನಮ್ಮವರು, ಅನ್ಯರು ಎಂಬ ಭೇದ. ಹೊರಗೆ ದುಡಿಯುವ ಹೆಣ್ಣಿನ ಬಗ್ಗೆ ಸಂಪ್ರದಾಯಸ್ಥ ಮನೆಯಲ್ಲಿ ಹುಟ್ಟುವ ಶಂಕೆಯೇ ಕಚೇರಿಯಲ್ಲಿ ಶಿಸ್ತಿನ ವೇಷ ತೊಡುತ್ತದೆ. ಮನೆಯಲ್ಲಿ ಆರತಿ ಆಪಾದಿತೆ; ಕಚೇರಿಯಲ್ಲಿ ಎಡಿತ್.

ಇದನ್ನು ಬರೆಯುವಾಗ ನನ್ನ ತಪ್ಪನ್ನು ಮರೆಮಾಚಲಾರೆ. ಹಲವು ವರ್ಷಗಳ ಹಿಂದೆ ನನ್ನ ಅಂಗಡಿಗೆ ಲೆಕ್ಕ ಬರೆಯಲು ಬಂದ ಅನ್ಯಮತದ ಹೆಣ್ಣುಮಗಳೊಬ್ಬಳನ್ನು, ಪರಿಚಿತರೊಬ್ಬರು ಆಡಿದ ಮಾತನ್ನು ನಂಬಿ, ಮೂರೇ ತಿಂಗಳಲ್ಲಿ ಕಳುಹಿಸಿಬಿಟ್ಟೆ. ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ರೋಕಡಿಯಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಕಂಡರೆ ರಾತ್ರಿಯೆಲ್ಲ ಕುಳಿತು ತಾಳೆ ನೋಡುತ್ತಿದ್ದ ನಾನು, ಆ ಮಾತಿಗೆ ಆಧಾರವೇನೆಂದು ಒಮ್ಮೆಯೂ ಕೇಳಲಿಲ್ಲ. ಪರನಿಂದೆಯನ್ನು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ನಮ್ಮ ಆಚಾರ್ಯರು ಎಣಿಸಿದ್ದಾರೆ. ನಿಂದೆಯನ್ನು ಆಡಿದವನಿಗಿಂತ, ಅದನ್ನು ನಂಬಿ ಒಬ್ಬಳ ಅನ್ನ ಕಸಿದವನ ಪಾಪ ಹಗುರವೆಂದು ನಾನು ಹೇಳಲಾರೆ.

ಚಿತ್ರದ ಬಗ್ಗೆ ನನ್ನದೊಂದು ಆಕ್ಷೇಪವುಂಟು. ಕೊನೆಯಲ್ಲಿ ಗಂಡಹೆಂಡಿರು ಒಂದಾಗಿ ನಗರದ ಜನಸಂದಣಿಯಲ್ಲಿ ಬೆರೆಯುತ್ತಾರೆ; ನಮಗೆ ಸಮಾಧಾನವಾಗುತ್ತದೆ. ಎಡಿತ್‌ಳ ಖಾತೆ ಮಾತ್ರ ಚುಕ್ತಾ ಆಗುವುದೇ ಇಲ್ಲ. ಆರತಿಯ ತ್ಯಾಗದಿಂದ ಆರತಿಯ ಘನತೆ ಹೆಚ್ಚಿತು. ಎಡಿತ್‌ಳ ಸಂಬಳ ಮರಳಿ ಬರಲಿಲ್ಲ. ಸ್ತ್ರೀಪುರುಷರ ವೇತನಭೇದವನ್ನು ನಿಷೇಧಿಸಿ 1976ರಲ್ಲಿ ಕಾಯಿದೆಯೇ ಬಂದಿತು. ಆದರೆ ಕಿವಿಮಾತಿನ ಮೇಲೆ ನಡೆಯುವ ಅನ್ಯಾಯ ವೇತನಪಟ್ಟಿಯಲ್ಲಿ ಕಾಣುವುದಿಲ್ಲ. ಅದನ್ನು ತಡೆಯಬೇಕಾದವನು ಧಣಿಯೇ. ಆಪಾದನೆಯನ್ನು ಅವಳ ಮುಂದೆಯೇ ಹೇಳಿ, ಅವಳ ಉತ್ತರ ಕೇಳಿ, ಕಾರಣವನ್ನು ಬರೆದಿಡುವುದು ಅಂಗಡಿಗಾಗಲಿ, ವಿಶ್ವಸ್ತ ಮಂಡಳಿಗಾಗಲಿ ಅಸಾಧ್ಯವಾದ ಕಾರ್ಯವಲ್ಲ.

ಪ್ರತಿವರ್ಷ ಕ್ಷಮಾವಣಿಯಂದು ಬಂಧುಗಳಲ್ಲಿ, ಸಹಧರ್ಮಿಗಳಲ್ಲಿ ಕೈಮುಗಿದು ಕ್ಷಮೆ ಬೇಡುತ್ತೇವೆ. ಅವರೆಲ್ಲ ನಮ್ಮವರು. ಆ ಹೆಣ್ಣುಮಗಳನ್ನು ಹುಡುಕಿ ಕ್ಷಮೆ ಕೇಳಬೇಕೆಂದು ನನಗೆ ತೋರಿದುದು ಈ ಚಿತ್ರವನ್ನು ಎರಡನೆಯ ಸಲ ನೋಡಿದ ಮೇಲೆ. ಆ ವೇಳೆಗೆ ಅವಳ ವಿಳಾಸ ನನ್ನ ಬಳಿ ಉಳಿದಿರಲಿಲ್ಲ.