ಮಡ್ಡಿಯ ಹುಲ್ಲು, ಎರಿಯ ಜಾಲಿ

ಬೀಳಗಿ ಸೀಮೆಯ ಅನಗವಾಡಿ ಸೇತುವೆ ದಾಟುವವರು ಘಟಪ್ರಭೆಯ ಹಿನ್ನೀರು ಕಂಡು ಹಿಗ್ಗುತ್ತಾರೆ. ನನ್ನ ಕಣ್ಣು ಮಾತ್ರ ದಂಡೆ ಬಿಟ್ಟು ಮೇಲೇರುವ ನೆಲದತ್ತ ಓಡುತ್ತದೆ. ಕೆಳಗೆ ಕಡುಗಪ್ಪು ಎರಿ ಮಣ್ಣು, ನಡುವೆ ಮಸಾರಿ ಮಣ್ಣು, ಮೇಲೆ ಗರಸು ಹಾಸಿದ ಕೆಂಪು ಮಡ್ಡಿ. ಮಳೆಯೋ, ವರ್ಷಕ್ಕೆ 600 ಮಿ.ಮೀ.ನ ಆಸುಪಾಸು. ಇಷ್ಟೇ ಸಾಮಗ್ರಿಯಲ್ಲಿ ಈ ನೆಲ ಮಾಡಿರುವ ಕುಸುರಿ ನೋಡಿ!

ಎರಿ ಮಣ್ಣು ಸಿರಿವಂತ. ಸುಣ್ಣದಂಶ ಅದರಲ್ಲಿ ತುಂಬಿದೆ, ನೀರನ್ನೂ ಬೇಕಾದಷ್ಟು ಕುಡಿಯುತ್ತದೆ. ಆದರೆ ಕುಡಿದದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಣ್ಣ ಮಳೆಯಾದರೆ ನೀರು ಮೇಲ್ಪದರಲ್ಲೇ ನಿಂತು ಬಿಸಿಲಿನ ಪಾಲಾಗುತ್ತದೆ. ಬೇಸಿಗೆಯಲ್ಲಿ ಮಣ್ಣು ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಬಡ ಮಡ್ಡಿಯ ಗುಣ ಬೇರೆ. ಕಲಾದಗಿ ಸೀಮೆಯ ಪುರಾತನ ಮರಳುಗಲ್ಲು ಸವೆದು ಆದ ಹಸಿದ ಮಣ್ಣದು, ಸಾರ ತೀರ ಕಡಿಮೆ. ಆದರೆ ಬಿದ್ದ ಹನಿ ಕಲ್ಲಿನ ಸಂದಿಯಲ್ಲಿ ಸರಸರ ಇಳಿದು ಬಿಸಿಲಿಗೆ ಸಿಗದಂತೆ ಆಳದಲ್ಲಿ ಅಡಗುತ್ತದೆ. ಮೇಲಿನ ತೇವಕ್ಕೆ ಹುಲ್ಲು, ಆಳದ ತೇವಕ್ಕೆ ಗಿಡ.

ಎಲೆಗಳನ್ನು ಬೆರಳಲ್ಲಿ ತಿಕ್ಕಿ ನೋಡುವುದು ನನ್ನ ಬಲು ದೊಡ್ಡ ಸುಖ. ಎರಿಯಂಚಿನ ಜಾಲಿಯದು ನವಿರಾದ, ಪುಟಾಣಿ, ರುಚಿಯಾದ ಎಲೆ. ಸಾರ ಸಿಗುವಲ್ಲಿ ಕಳೆದ ಎಲೆಯನ್ನು ಮತ್ತೆ ಚಿಗುರಿಸಬಹುದು. ಹಾಗಾಗಿ ಜಾಲಿ ಎಲೆಯನ್ನು ಮೆತ್ತಗೇ ಇಟ್ಟು ಕಾವಲಿಗೆ ಬಿಳಿ ಮುಳ್ಳು ನಿಲ್ಲಿಸಿತು. ಮಡ್ಡಿಯ ಬಂದರಿಕೆ ಗಿಡಕ್ಕೆ ಆ ಉದಾರತನ ಎಲ್ಲಿಂದ ಬರಬೇಕು? ಅದರ ಒಂದೊಂದು ಎಲೆಯೂ ಕಷ್ಟದ ಗಳಿಕೆ. ಅಂಟಂಟು ಮೇಣ ಸವರಿ, ಹೊಳಪು ಕೊಟ್ಟು, ಕಹಿ ತುಂಬಿ, ಮೇಕೆಯೂ ಮೂಗು ಮುರಿಯುವಂತೆ ಜತನ ಮಾಡಿಕೊಂಡಿದೆ. ಕಾರೆ, ಕವಳಿ ಗಿಡಗಳು ಇದೇ ಬಡ ನೆಲದಲ್ಲೂ ಮುಳ್ಳು ತೋರಿಸುತ್ತವೆ, ನಿಜ; ನಿಸರ್ಗದ ಕೈಚಳಕದಲ್ಲಿ ಒಂದೇ ವರಸೆ ಇರುವುದಿಲ್ಲ.

ಇನ್ನು ಮೊದಲ ಮಳೆ. ತಿಂಗಳುಗಟ್ಟಲೆ ಒಣಗಿದ ಮಣ್ಣು ತೊಯ್ದ ಗಳಿಗೆ, ಒಳಗೆ ಮಲಗಿದ್ದ ಸೂಕ್ಷ್ಮಜೀವಿಗಳು ಒಮ್ಮೆಲೇ ಏಳುತ್ತವೆ. ಸತ್ತ ಬೇರು, ಉದುರಿದ ಎಲೆ, ಎಲ್ಲವೂ ಕರಗತೊಡಗುತ್ತದೆ. ಬೇಸಿಗೆಯಿಡೀ ಕೂಡಿಟ್ಟ ಸಾರಜನಕ ಕೆಲವೇ ದಿನ ಧಾರಾಳವಾಗಿ ಹರಿಯುತ್ತದೆ. ಆ ಕೆಲವೇ ದಿನ... ಬೂದುಬಣ್ಣದ ಒಣ ಕರಡದ ಹುಲ್ಲಿನ ಬುಡದಲ್ಲಿ ತಿಳಿಹಸಿರು ಮೂಡುತ್ತದೆ, ಮೆಲ್ಲಗೆ, ಎಳೆ ಎಳೆಯಾಗಿ, ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಹೊಸ ರೇಷ್ಮೆ ಕಾಣಿಸಿದಂತೆ. ನೆಲಕ್ಕೆ ಕೂತು ನೋಡಬೇಕು.

ಕುರಿ ತರುಬಿದ ಜಾಗದಲ್ಲಿ ಈ ಹಸಿರು ಇನ್ನೂ ಗಾಢ. ಹಿಕ್ಕೆಯ ಸತ್ವ ನಮ್ಮ ಕುರುಬರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಸತ್ವ ಎಷ್ಟು ಕಾಲ ಬಾಳುತ್ತದೆ ನೋಡಿ: ದಕ್ಷಿಣ ಆಫ್ರಿಕದ ನೈಲ್ಸ್‌ವ್ಲೇ ಎಂಬಲ್ಲಿ ಅಗಲ ಎಲೆಯ ಮರಗಳ ಬಡ ಮಣ್ಣಿನ ನಡುವೆ ಅಲ್ಲಲ್ಲಿ ಜಾಲಿಯ ತೋಪುಗಳಿವೆ. ಅವು ಹಿಂದೆ ದನಗಾಹಿಗಳು ನೆಲೆಸಿದ್ದ ತಾಣಗಳು. ಜನ ಹೋಗಿ ಶತಮಾನಗಳಾದರೂ ಕೊಟ್ಟಿಗೆಯ ಸಾರ ಅಲ್ಲಿ ಇನ್ನೂ ಜಾಲಿ ಬೆಳೆಸುತ್ತಿದೆ!

ಸಾರದ ಮಾತಾಯಿತು, ಇನ್ನು ನೀರಿನದು. ಆಫ್ರಿಕದ 854 ತಾಣಗಳ ಲೆಕ್ಕ ಒಟ್ಟುಗೂಡಿಸಿ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಸೇರಿದ ಮಹೇಶ್ ಶಂಕರನ್ ಮತ್ತು ಸಂಗಡಿಗರು 2005ರಲ್ಲಿ ಒಂದು ಮಾತು ಹೇಳಿದರು: ಮಳೆ 650 ಮಿ.ಮೀ.ಗಿಂತ ಕಡಿಮೆ ಇದ್ದಲ್ಲಿ ಮರ ಎಷ್ಟು ಹಬ್ಬಬೇಕೆಂಬುದನ್ನು ನೀರೇ ಕಟ್ಟಿಹಾಕುತ್ತದೆ. ಅಲ್ಲಿ ಹುಲ್ಲು ಮರ ಎರಡೂ ಬಾಳುತ್ತವೆ. ನಮ್ಮ ಬೀಳಗಿ, ಮುಧೋಳ ಸೀಮೆಯ ಮಳೆಯೂ ಆ ಗೆರೆಯ ಕೆಳಗಿನದೇ. 2016ರಲ್ಲಿ ಅಭಯಾರಣ್ಯವಾದ ಇಲ್ಲಿನ ಯಡಹಳ್ಳಿಯ ಚಿಂಕಾರ ಹುಲ್ಲೆಗಳು ಬದುಕಿರುವುದು ಇಂಥ ಬಯಲು ಕುರುಚಲಿನ ನೆಲದಲ್ಲೇ. ಎಲೆ ಚಿಗುರಿನ ರಸದಲ್ಲೇ ನೀರಡಿಕೆ ಬಹುಪಾಲು ತೀರಿಸಿಕೊಳ್ಳುವ ಜೀವಗಳು ಅವು.

ಆದ್ದರಿಂದ ಒಂದು ಬೇಡಿಕೆ. ಮುಂಗಾರು ಹಿಡಿದ ಮೇಲೆ ಬನ್ನಿ. ಹೊಳೆದಂಡೆಯಿಂದ ಮಡ್ಡಿಯ ನೆತ್ತಿಗೆ ನಿಧಾನ ನಡೆಯಿರಿ. ಮಣ್ಣು ಹಿಡಿಯಿರಿ, ಎಲೆ ತಿಕ್ಕಿ ಮೂಸಿ. ಪಾಳು ಬಿದ್ದಿದೆ ಎಂದು ಮರುಗಿ ಗುಂಡಿ ತೋಡಿ ಸಸಿ ನೆಡಲು ಮಾತ್ರ ಹೊರಡಬೇಡಿ. ಈ ಮಡ್ಡಿಗೆ ಬೇಕಾದ ಗಿಡ ಇಲ್ಲಿ ಆಗಲೇ ಇದೆ.