'ಮೊಳ' ಶಬ್ದದ ಅರ್ಥವಿಚಾರ

'ಮೊಳ' ಶಬ್ದಕ್ಕೆ 'ಹಸ್ತ', 'ಒಂದೂವರೆ ಅಡಿ' ಎಂದು ಅರ್ಥ ಕೊಟ್ಟು ಮುಗಿಸುವುದು ವಾಡಿಕೆ. ಈ ವಿವರಣೆ ತಪ್ಪಲ್ಲ. ಆದರೆ ಅಪೂರ್ಣವೆಂದೂ ಶಾಸನಗಳ ಓದಿನಲ್ಲಿ ದಾರಿ ತಪ್ಪಿಸುವಂಥದೆಂದೂ ನಾವು ಭಾವಿಸುತ್ತೇವೆ.

ಹಳಗನ್ನಡದಲ್ಲಿ ಇದು ೞಕಾರಯುಕ್ತವಾದ 'ಮೊೞ'. ತಮಿಳು, ಮಲಯಾಳಂಗಳ 'ಮುೞಂ', ತೆಲುಗಿನ 'ಮೂರ' ಇದರ ಜ್ಞಾತಿಗಳು. ಆದುದರಿಂದ ಇದು 'ಹಸ್ತ'ದ ಅನುವಾದವಲ್ಲ, ದ್ರಾವಿಡದ ಸ್ವಂತ ಶಬ್ದ. ತಮಿಳಿನಲ್ಲಿ ಮೊಣಕೈ 'ಮುೞಂಗೈ', ಮೊಣಕಾಲು 'ಮುೞಂಗಾಲ್'. ಕನ್ನಡದಲ್ಲಿಯೂ 'ಮೊಣಕಾಲು' ಎಂಬುದರ ಜೊತೆಗೆ 'ಮೊಳಕಾಲು' ಎಂಬ ರೂಪ ಬಳಕೆಯಲ್ಲಿದೆ. ಕಾಲಿನಿಂದ ಯಾರೂ ಬಟ್ಟೆ ಅಳೆಯರು. ಹಾಗಾಗಿ ಮೂಲಾರ್ಥ ಉದ್ದವಲ್ಲ, ಕೀಲು ಎಂಬುದು ನಮ್ಮ ನಿಲುವು. ಮೊಣಕೈಯಿಂದ ಬೆರಳ ತುದಿಯವರೆಗಿನ ಅಂತರಕ್ಕೆ ಆ ಹೆಸರು ಅನಂತರ ಸಂದಿರಬೇಕು.

ಇದರಿಂದ ಫಲವೇನು? ಅಳೆಯುವವರ ಮೈಕಟ್ಟು ಬದಲಾದಂತೆ ಮೊಳವೂ ಬದಲಾಗುತ್ತದೆ. ಭೂದಾನ ಶಾಸನಗಳು 'ಭೇರುಂಡ ಗಳೆ' ಎಂಬಂತೆ ಅಳತೆಗೋಲನ್ನೇ ಹೆಸರಿಸುವುದಕ್ಕೆ ಈ ಅನಿಶ್ಚಿತತೆಯೂ ಒಂದು ಕಾರಣವಾಗಿದ್ದೀತು. ಅಂಥಲ್ಲಿ ಮೊಳವನ್ನು 45 ಸೆಂಟಿಮೀಟರೆಂದು ಹಿಡಿದು ಭೂಮಿಯನ್ನು ಎಕರೆಗಳಿಗೆ ಇಳಿಸಿದರೆ, ಮೂಲದಲ್ಲಿಲ್ಲದ ನಿಖರತೆಯನ್ನು ಅದಕ್ಕೆ ಆರೋಪಿಸಿದಂತಾಗುತ್ತದೆ. ಅನುವಾದಕರು 'ಮೊಳ'ವನ್ನು ಹಾಗೆಯೇ ಉಳಿಸಿ ಟಿಪ್ಪಣಿ ಕೊಡುವುದು ಲೇಸು.

ಮೆಟ್ರಿಕ್ ಪದ್ಧತಿಯನ್ನು ವಿಧಿಸಿದ 1956ರ ಕಾಯಿದೆಯ ಬಳಿಕವೂ ಚೆನ್ನೈ, ಬೆಂಗಳೂರುಗಳ ಹೂವಾಡಗಿತ್ತಿಯರು ತಮ್ಮ ಮೊಣಕೈಯಿಂದಲೇ ಹೂವನ್ನು ಅಳೆದು ಕೊಡುತ್ತಾರೆ. ಕೋಶದ ಅರ್ಥವಿವರಣೆಯಲ್ಲಿ ಈ ಪ್ರಯೋಗಕ್ಕೂ ಸ್ಥಾನ ಸಲ್ಲಬೇಕು.